ಬೀಜ ಕಾಯ್ದವರಿಗೆ ಇದೇನು ದೊಡ್ಡದು?

ಕಳೆದ ಬೇಸಿಗೆಯಲ್ಲಿ ಜೇವರ್ಗಿಗೆ ಒಂದು ಕುಬಸಕ್ಕೆ ಹೋಗಿದ್ದೆ. ನಾನು ಹತ್ತೊಂಬತ್ತು ವರ್ಷ ಕನ್ನಡ ಕಲಿಸಿದ ಊರು ಅದು. ಊಟ ಮುಗಿಸಿ, ಎಲೆ ಅಡಿಕೆ ಮೆಲ್ಲುತ್ತ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದೆವು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಪ್ಪಗೆ ಕೂತಿದ್ದಳು. ಕೇಳಿದರೆ ಕಣ್ಣಲ್ಲಿ ನೀರು. ಹಿಂದಿನ ವಾರ ಫೋನು ಬಕೆಟ್ಟಿನ ನೀರಿಗೆ ಬಿದ್ದಿತ್ತಂತೆ. ಮಗಳು ಹುಟ್ಟಿದಂದಿನಿಂದ ನಾಲ್ಕು ವರ್ಷ ತೆಗೆದ ಫೋಟೋ, ತೀರಿಕೊಂಡ ಅಣ್ಣನ ಕೊನೆಯ ಮಾತು, ಸಂಘದ ಲೆಕ್ಕ, ಎಲ್ಲ ಅದರಲ್ಲೇ ಇತ್ತಂತೆ.

“ಕಂಪ್ಯೂಟರದಾಗ ಇನ್ನೊಂದು ಪ್ರತಿ ಇಟ್ಟಿರಲಿಲ್ಲೇನವ್ವಾ?” ಎಂದೆ.

“ಕಂಪ್ಯೂಟರ್ ಮನ್ಯಾಗ ಅದಾರೀ ಬಾಯೋರ. ಅದನ್ನ ಅವರೇ ಹಚ್ಚತಾರ. ನಮಗೇನು ತಿಳೀತಾದರೀ?”

ಸುತ್ತ ಕೂತವರೆಲ್ಲ ಹೌದೌದೆಂದು ತಲೆಯಾಡಿಸಿದರು. ಅವರಲ್ಲಿ ಇಬ್ಬರು ಶಾಲಾ ಶಿಕ್ಷಕಿಯರು, ಒಬ್ಬರು ಬ್ಯಾಂಕಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರು! ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಬರಹ.

ನನ್ನ ವಾದ ಇಷ್ಟೇ. ಮನೆಯಲ್ಲಿ ಯಾವುದನ್ನು ಕೆಡದಂತೆ, ಕಳೆಯದಂತೆ ಕಾಯಬೇಕೋ ಅದನ್ನು ಕಾಯುತ್ತ ಬಂದವರು ನಾವು. ಕಂಪ್ಯೂಟರಿನಲ್ಲಿರುವ ಕಡತ, ಫೋಟೋ, ದನಿಗಳಿಗೆ ಬ್ಯಾಕಪ್ ಇಡುವುದು ಅದೇ ಕೆಲಸ, ಹೆಸರು ಮಾತ್ರ ಬೇರೆ. “ನಮಗೇನು ತಿಳೀತಾದ” ಎಂಬ ಮಾತು ವಿನಯವಲ್ಲ, ಸುಳ್ಳು. ಆ ಸುಳ್ಳಿಗೆ ದಂಡ ತೆರುವವರೂ ನಾವೇ.

ಇದನ್ನು ಹೇಳುವ ಅಧಿಕಾರ ನನಗಿದೆಯೆ ಎಂದು ಕೇಳಿದರೆ, ಇದೆ. ಆ ದಂಡವನ್ನು ನಾನು ತೆತ್ತಿದ್ದೇನೆ.

ನನ್ನ ತವರು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಒಂದು ಹಳ್ಳಿ. ಕೊಟ್ಟದ್ದು ಆಳಂದಕ್ಕೆ. ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಬೀಸುವಾಗ, ಕುಟ್ಟುವಾಗ, ಮದುವೆ ಮನೆಯಲ್ಲಿ ಅರಿಷಿಣ ಹಚ್ಚುವಾಗ ಅವಳ ಬಾಯಿಂದ ಹಾಡು ಸರಪಳಿಯಂತೆ ಬರುತ್ತಿತ್ತು. 1997ರ ದೀಪಾವಳಿಗೆ ತವರಿಗೆ ಹೋದಾಗ ಟೇಪ್ ರೆಕಾರ್ಡರ್ ಒಯ್ದು, ಅವಳ ಮುಂದಿಟ್ಟು, ಆರು ಕ್ಯಾಸೆಟ್ ತುಂಬಿಸಿಕೊಂಡು ಬಂದೆ. ನಡುನಡುವೆ ಕೋಳಿ ಕೂಗಿದ್ದು, ಅಪ್ಪ ಕೆಮ್ಮಿದ್ದು, “ಇದನ್ನೇನು ಹಿಡಕೊಂಡು ಕೂಡತೀಯೇ ಹುಚ್ಚಿ” ಎಂದು ಅವ್ವ ನಕ್ಕಿದ್ದು ಕೂಡ ಅದರಲ್ಲಿತ್ತು. ಎರಡು ವರ್ಷದ ಮೇಲೆ ನಮ್ಮಕ್ಕ ಬಂದವಳು ಆರನೆಯ ಕ್ಯಾಸೆಟ್ಟನ್ನು ಕೇಳಿ ಕೊಡುತ್ತೇನೆಂದು ಒಯ್ದಳು. ಒಯ್ದದ್ದೇ ಬಂತು, ತಿರುಗಿ ಕೊಡಲಿಲ್ಲ. ಅದಕ್ಕಾಗಿ ಅವಳೊಡನೆ ನಾನು ಎಷ್ಟು ಜಗಳವಾಡಿದೆನೋ ಲೆಕ್ಕವಿಲ್ಲ.

2007ರಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ನನ್ನ ಮೈದುನನ ಮಗ ಜಾಣ. ಉಳಿದ ಐದು ಕ್ಯಾಸೆಟ್ಟನ್ನು ತಂತಿ ಜೋಡಿಸಿ ಕಂಪ್ಯೂಟರಿಗೆ ಇಳಿಸಿಕೊಟ್ಟ. ಡಿ ಡ್ರೈವಿನಲ್ಲಿ ‘ಅವ್ವ’ ಎಂದು ಒಂದು ಫೋಲ್ಡರ್. ಇನ್ನು ಚಿಂತೆಯಿಲ್ಲವೆಂದು ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಹಾಕಿದೆ. ಹೌದು, ನಾನೇ ಹಾಕಿದೆ. ಯಾರನ್ನೂ ದೂರುವಂತಿಲ್ಲ. 2011ರಲ್ಲಿ ಅವ್ವ ತೀರಿಕೊಂಡಳು.

2013ರ ಮೇ ತಿಂಗಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ನಲವತ್ತೆರಡು ಡಿಗ್ರಿ ದಾಟಿದರೂ ಯಾರೂ ಬೆರಗಾಗುವುದಿಲ್ಲ. ಕರೆಂಟು ಹೋಗಿ ಬಂದು, ಬಂದು ಹೋಗಿ, ಒಂದು ಮಧ್ಯಾಹ್ನ ಕಂಪ್ಯೂಟರ್ ಕಟಕಟ ಎಂದು ನಿಂತುಬಿಟ್ಟಿತು. ಮಗ ಅದನ್ನು ಅಂಗಡಿಗೆ ಒಯ್ದ. ಮೂರು ದಿನದ ಮೇಲೆ ಹೊಸದರಂತೆ ಮಿಂಚುತ್ತ ತಿರುಗಿ ಬಂತು. ‘ಅವ್ವ’ ಇರಲಿಲ್ಲ.

ಅಂಗಡಿಯ ಹುಡುಗನಿಗೆ ಫೋನು ಹಚ್ಚಿದೆ. “ಹಾರ್ಡ್ ಡಿಸ್ಕ್ ಹೋಗಿತ್ತರಿ ಮೇಡಂ, ಹೊಸಾದು ಹಾಕೀನಿ. ಹಳೇದರಾಗ ಏನರ ಇತ್ತೇನರೀ?” ಎಂದ. ಹಳೆಯದು ಎಲ್ಲಿ ಎಂದರೆ, ಎಸೆದಾಗಿತ್ತು. ಮಗ ಕೇಳಿದ, “ಬ್ಯಾಕಪ್ ಇಟ್ಟಿಲ್ಲೇನವ್ವಾ?” ಅಂದು ಮೊದಲ ಬಾರಿಗೆ ಆ ಶಬ್ದ ಕೇಳಿದೆ. ಸತ್ತ ಮೇಲೆ ಔಷಧದ ಹೆಸರು ಹೇಳಿದಂತಾಯಿತು.

ಆಮೇಲೆ ಹಟ ಹಿಡಿದು ಆ ಯಂತ್ರದ ವಿಚಾರ ತಿಳಿದುಕೊಂಡೆ. ಹಾರ್ಡ್ ಡಿಸ್ಕ್ ಎಂದರೆ ಒಳಗೆ ಕನ್ನಡಿಯಂಥ ಬಿಲ್ಲೆ; ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ಸೂಜಿಯಂಥದು ತಲೆಗೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತದೆ. ಒಂದು ಪೆಟ್ಟು, ಒಂದು ಕರೆಂಟಿನ ಏಟು ಸಾಕು, ಸೂಜಿ ಬಿಲ್ಲೆಗೆ ತಾಗಿ ಗೀರುತ್ತದೆ. ಪೆನ್ ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ತಿರುಗುವುದು ಏನೂ ಇಲ್ಲ, ನಿಜ. ಅಲ್ಲಿ ಅಕ್ಷರಗಳು ಕೂತಿರುವುದು ವಿದ್ಯುತ್ತಿನ ಕಣಗಳಾಗಿ. ಬಳಸದೆ ವರ್ಷಗಟ್ಟಲೆ ಇಟ್ಟರೆ ಆ ಕಣಗಳು ಸೋರುತ್ತವೆ, ಶಕೆಯಲ್ಲಿ ಇನ್ನೂ ಬೇಗ. ಮದುವೆಯ ಸಿ.ಡಿ.ಗಳನ್ನು ಅಲಮಾರಿಯಲ್ಲಿಟ್ಟು ನಿಶ್ಚಿಂತೆಯಿಂದಿರುವ ಅಕ್ಕಂದಿರೇ, ಇಂದೇ ಹಾಕಿ ನೋಡಿ. ಅದರ ಒಳಗಿನ ಬಣ್ಣವೂ ಬಿಸಿಲು ಶಕೆಗೆ ಮಾಸುತ್ತದೆ. ಕೆಡದ ಪಾತ್ರೆ ಎಂಬುದೇ ಇಲ್ಲ. ಇದು ತಿಳಿದ ಮೇಲೆ ನನಗೆ ಅಂಗಡಿಯ ಹುಡುಗನ ಮೇಲಿನ ಸಿಟ್ಟು ಹೋಯಿತು. ತಪ್ಪು ಇದ್ದದ್ದು ಒಂದೇ ಪಾತ್ರೆಯನ್ನು ನಂಬಿದ್ದರಲ್ಲಿ.

ಈಗ ನಮ್ಮವ್ವನ ಮಾತಿಗೆ ಬರುತ್ತೇನೆ. ಬಿತ್ತನೆಯ ಜೋಳವನ್ನು ಅವಳು ಎಂದೂ ಒಂದು ಕಡೆ ಇಟ್ಟವಳಲ್ಲ. ಉಣ್ಣುವ ಜೋಳ ಹಗೇವಿನಲ್ಲಿ. ಬೀಜದ ಮಾತೇ ಬೇರೆ. ಒಂದಷ್ಟು ಬೂದಿ ಬೆರೆಸಿ ಗಡಿಗೆಯಲ್ಲಿ. ಒಂದಷ್ಟು ತೆನೆಯ ಸಮೇತ ಅಡುಗೆಮನೆಯ ಜಂತಿಗೆ, ಹೊಗೆ ತಾಗುವಂತೆ. ಇನ್ನೊಂದು ಸೇರು ಬೇರೆ ಊರಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ. “ಗಡಿಗ್ಯಾಗಿಂದು ಹುಳ ತಿಂದರ ಜಂತ್ಯಾಗಿಂದು ಅದಾ. ಮನೀನೇ ಸುಟ್ಟರ ತಂಗಿ ಮನ್ಯಾಗಿಂದು ಅದಾ,” ಎನ್ನುತ್ತಿದ್ದಳು.

ಅಮೆರಿಕದ ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಫೋಟೋ ಕಾಯುವ ಬಗೆಯನ್ನು ಕುರಿತು ಬರೆಯುತ್ತ ಒಂದು ಸೂತ್ರವನ್ನು ಪ್ರಚಾರಕ್ಕೆ ತಂದರು. ಇಂದು ಜಗತ್ತಿನ ಕಂಪ್ಯೂಟರ್ ಪಂಡಿತರೆಲ್ಲ ಅದನ್ನೇ ಜಪಿಸುತ್ತಾರೆ. ಮೂರು, ಎರಡು, ಒಂದು. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಮನೆಯಿಂದ ಹೊರಗಿರಲಿ. ಇದನ್ನು ಓದಿದಾಗ ನಾನು ನಕ್ಕೆ, ಅತ್ತೆ. ಗಡಿಗೆ, ಜಂತಿ, ತಂಗಿಯ ಮನೆ! ಅಕ್ಷರ ಬಾರದ ಅವ್ವನಿಗೆ ಗೊತ್ತಿದ್ದುದು ಎಂ.ಎ. ಓದಿದ ಮಗಳಿಗೆ ಗೊತ್ತಿರಲಿಲ್ಲ. ಅವಳ ಬೀಜ ಉಳಿಯಿತು, ಅವಳ ದನಿಯನ್ನು ನಾನು ಕಳೆದೆ.

ಈ ಬುದ್ಧಿ ನಮ್ಮ ನೆಲಕ್ಕೂ ಹೊಸದಲ್ಲ. ನಮ್ಮ ಜಿಲ್ಲೆಯ ಸನ್ನತಿಗೆ, ಚಂದ್ರಲಾಂಬೆಯ ಗುಡಿಗೆ, ನಿಮ್ಮಲ್ಲಿ ಎಷ್ಟೋ ಜನ ಹೋಗಿದ್ದೀರಿ. 1986ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಅಡಿಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ನಿಲ್ಲಿಸಲು ಯಾರೋ ಆ ಕಲ್ಲಿನ ನಡುವೆ ತೂತು ಕೊರೆದಿದ್ದರು. ಅಕ್ಷರ ಹೋದವು. ಆದರೂ ವಿದ್ವಾಂಸರು ಗಾಬರಿಯಾಗಲಿಲ್ಲ. ಏಕೆಂದರೆ ಅದೇ ಶಾಸನಗಳ ಪ್ರತಿಗಳು ಬೇರೆಡೆ ಇದ್ದವು; ಕೆಲವು ಒಡಿಶಾದ ಧೌಲಿ, ಜೌಗಡಗಳಲ್ಲಿ, ಕೆಲವು ಗುಜರಾತಿನ ಗಿರ್ನಾರದಲ್ಲಿ, ಉತ್ತರದ ಕಾಲ್ಸಿಯಲ್ಲಿ. ಕಲ್ಲಿನ ಮೇಲೆ ಬರೆಸಿದವನೇ ಒಂದು ಕಲ್ಲನ್ನು ನಂಬಲಿಲ್ಲ. ನಾವು ಒಂದು ಫೋನನ್ನು ನಂಬುತ್ತೇವೆ!

ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳನ್ನು ನಾವು ಇಂದು ಓದುತ್ತೇವೆ. ಅವರು ಹದಿನೇಳನೆಯ ಶತಮಾನದವರು. ಅವರಿಗಿಂತ ಐನೂರು ವರ್ಷ ಹಿಂದಿನ ಶರಣೆಯರ ವಚನಗಳನ್ನೂ ಓದುತ್ತೇವೆ. ತಾಡವೋಲೆಗೆ ಹುಳ ಹಿಡಿಯುತ್ತದೆ, ಅಂಚು ಮುರಿಯುತ್ತದೆ. ಅದು ಕೆಡುವ ಮೊದಲೇ ಇನ್ನೊಬ್ಬರು ಕೂತು ಪ್ರತಿ ಮಾಡಿದರು, ಅದು ಕೆಡುವ ಮೊದಲೇ ಮತ್ತೊಬ್ಬರು. ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಹುಡುಕಿ ಆ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ಕೊಟ್ಟರು. ಪ್ರತಿ ಮಾಡಿದ ಆ ಹೆಸರಿಲ್ಲದ ಕೈಗಳು ಇರದಿದ್ದರೆ ಹಳಕಟ್ಟಿಯವರಿಗೆ ಹುಡುಕಲು ಏನಿರುತ್ತಿತ್ತು? ಐದಕ್ಕಿ ಲಕ್ಕಮ್ಮನ ದಿಟ್ಟತನ ನಮಗೆ ತಲುಪಿದ್ದು ಅವಳು ಆಡಿದ್ದರಿಂದ ಮಾತ್ರ ಅಲ್ಲ; ಯಾರೋ ಮತ್ತೆ ಮತ್ತೆ ಬರೆದಿಟ್ಟದ್ದರಿಂದ.

ಇನ್ನು ನನ್ನ ಎದುರು ವಾದಿಸುವವರ ಮಾತು ಕೇಳೋಣ.

ಮೊದಲನೆಯವರು ಮನೆಯ ಗಂಡಸರು. “ನಿನ್ನ ಫೋನಿನಾಗ ಅಂಥಾದ್ದೇನು ಅದಾ, ಕಾಯಾಕ?” ಎನ್ನುತ್ತಾರೆ. ಅವರಿಗೆ ಒಂದು ಕಥೆ ಹೇಳಿ, ನಿಜವಾದ ಕಥೆ. 1998ರಲ್ಲಿ ಅಮೆರಿಕದ ಪಿಕ್ಸಾರ್ ಎಂಬ ಕಂಪನಿ ಮಕ್ಕಳಿಗಾಗಿ ‘ಟಾಯ್ ಸ್ಟೋರಿ 2’ ಚಿತ್ರ ಮಾಡುತ್ತಿತ್ತು. ಯಾರೋ ತಪ್ಪಿ ಒಂದು ಆಜ್ಞೆ ಒತ್ತಿದರು; ಚಿತ್ರದ ಬಹುಭಾಗ ಕಣ್ಣೆದುರೇ ಅಳಿಸಿಹೋಯಿತು. ಕಂಪನಿಯ ಬ್ಯಾಕಪ್ ತೆಗೆದು ನೋಡಿದರೆ ಅದು ಕೆಟ್ಟು ಎಷ್ಟೋ ದಿನವಾಗಿತ್ತು, ಯಾರೂ ಪರೀಕ್ಷಿಸಿರಲಿಲ್ಲ. ಆಗ ಗ್ಯಾಲಿನ್ ಸುಸ್‌ಮನ್ ಎಂಬ ತಂತ್ರಜ್ಞೆಗೆ ನೆನಪಾಯಿತು, ತನ್ನ ಮನೆಯಲ್ಲಿ ಒಂದು ಪ್ರತಿ ಇದೆಯೆಂದು. ಆಕೆ ಹಸಿ ಬಾಣಂತಿಯಾಗಿದ್ದಾಗ, ಕೂಸನ್ನು ನೋಡಿಕೊಳ್ಳುತ್ತಲೇ ಕೆಲಸ ಮಾಡಲೆಂದು ಮನೆಯ ಕಂಪ್ಯೂಟರಿಗೆ ಪ್ರತಿ ಇಳಿಸಿಕೊಂಡಿದ್ದಳು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಒಯ್ದಂತೆ ಕಾರಿನಲ್ಲಿ ಮೆಲ್ಲಗೆ ಒಯ್ದರು. ಕೋಟಿಗಟ್ಟಲೆ ಡಾಲರಿನ ಚಿತ್ರಕ್ಕೆ ಆಸರೆಯಾದದ್ದು ಒಬ್ಬ ತಾಯಿಯ ಮನೆಯ ಪ್ರತಿ. ಅದೇ ಕಂಪನಿ 2023ರಲ್ಲಿ ಹಲವರೊಡನೆ ಆಕೆಯನ್ನೂ ಕೆಲಸದಿಂದ ಬಿಡಿಸಿತು. ಕಾಯ್ದವರನ್ನು ಮರೆಯುವುದು ನಮ್ಮ ಮನೆಗಳಲ್ಲಿ ಮಾತ್ರವಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಎರಡನೆಯವರು ಹುಡುಗರು. “ಎಲ್ಲಾ ಕ್ಲೌಡಿನಾಗ ಇರತಾದ, ಅಜ್ಜಿ,” ಎನ್ನುತ್ತಾರೆ. ಕ್ಲೌಡ್ ಎಂದರೆ ಮೋಡ. ಮೋಡವನ್ನು ನಂಬಿ ಕೆಟ್ಟವರ ಸೀಮೆ ನಮ್ಮದು, ನಮಗೆ ಹೇಳಲು ಬರುತ್ತಾರೆ! ಆ ಮೋಡ ಬಾನಿನಲ್ಲಿಲ್ಲ; ಯಾವುದೋ ಕಂಪನಿಯ ಕಟ್ಟಡದಲ್ಲಿರುವ ಕಂಪ್ಯೂಟರ್ ಅದು. ಕಂಪನಿಯ ಮನಸ್ಸು ಕಂಪನಿಯದು. ನಮ್ಮ ಮಕ್ಕಳೆಲ್ಲ ಒಂದು ಕಾಲಕ್ಕೆ ಮುಳುಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಉಚಿತ ಎಂದು ಕರೆದು, 2021ರ ಜೂನ್ 1ರಿಂದ 15 ಜಿ.ಬಿ. ಮೀರಿದರೆ ಹಣ ಎಂದಿತು. ಆ 15ರಲ್ಲಿ ನಮ್ಮ ಮೇಲ್, ಕಡತ ಎಲ್ಲ ಸೇರಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸುವ ನಿಯಮವನ್ನೂ 2023ರ ಕೊನೆಗೆ ತಂದಿತು. ತೀರಿಹೋದವರ ಖಾತೆಯನ್ನು ಯಾರು ಮುಟ್ಟುತ್ತಾರೆ?

ಇನ್ನೊಂದು ಮರ್ಮ ತಿಳಿಯಿರಿ. ಫೋನು ಮತ್ತು ಕ್ಲೌಡ್ ಜೋಡಿಯಾಗಿದ್ದಾಗ, ಜಾಗ ಸಾಲದೆಂದು ಫೋನಿನ ಆ ಪುಟದಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅದು ಕನ್ನಡಿ, ಪ್ರತಿಯಲ್ಲ. ಕನ್ನಡಿಯ ಮುಂದಿನ ದೀಪ ಆರಿಸಿದರೆ ಒಳಗಿನ ದೀಪ ಉರಿಯುತ್ತದೆಯೆ? ಮೇಲಾಗಿ ನಮ್ಮಲ್ಲಿ ಹೆಂಗಸರ ಎಷ್ಟೋ ಖಾತೆಗಳು ಮಗನ ಇಲ್ಲವೆ ಗಂಡನ ನಂಬರಿಗೆ ಕಟ್ಟಿವೆ. ಮಗ ಪುಣೆಗೆ ಹೋಗಿ ಸಿಮ್ ಬದಲಿಸಿದ, ಓ.ಟಿ.ಪಿ. ಯಾರ ಕೈಗೆ ಬರಬೇಕು? ಕ್ಲೌಡ್ ಬೇಡವೆನ್ನುವುದಿಲ್ಲ. ಅದು ತಂಗಿಯ ಮನೆಯಾಗಲಿ. ಅದೊಂದೇ ಮನೆಯಾಗದಿರಲಿ. ಅದರ ಕೀಲಿ ನಿಮ್ಮ ಸೆರಗಿನಲ್ಲಿರಲಿ.

ಮೂರನೆಯವರು ವೇದಾಂತಿಗಳು. “ಎಲ್ಲಾ ಒಂದಿನ ಹೋಗೋದೇ, ಯಾಕ ಹಿಡಕೊಂಡು ಕೂಡಬೇಕು?” ಎನ್ನುವವರು. ಇವರ ಮಾತಿಗೆ ನಾನು ಸ್ವಲ್ಪ ತಲೆಬಾಗುತ್ತೇನೆ. ಒಂದೇ ಹೂವಿನ ಇನ್ನೂರು ಫೋಟೋ, ‘ಶುಭೋದಯ’ದ ಸಾವಿರ ಚಿತ್ರ, ಇವನ್ನು ಕಾಯಬೇಕಾಗಿಲ್ಲ. ಹೊಟ್ಟು ತೂರಿ ಕಾಳು ಉಳಿಸಿಕೊಳ್ಳುವವರು ನಾವು; ಮೊರ ಹಿಡಿದು ಕೂತರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಈ ವೇದಾಂತ ಹೆಣ್ಣಿನ ವಸ್ತುವಿಗೇ ಏಕೆ ನೆನಪಾಗುತ್ತದೆ? ಹೊಲದ ಪಹಣಿಯನ್ನು ಲ್ಯಾಮಿನೇಷನ್ ಮಾಡಿಸಿ ಟ್ರೆಜರಿಯಲ್ಲಿ ಇಡುವವರು, ತಾಯಿಯ ದನಿ ಹೋದಾಗ “ಹೋಗಲಿ ಬಿಡು” ಎನ್ನುತ್ತಾರೆ. ಅಂಕಪಟ್ಟಿ, ಆಧಾರಗಳಿಗೆ ಸರ್ಕಾರ 2015ರಲ್ಲಿ ಡಿಜಿಲಾಕರ್ ತೆರೆಯಿತು, ಒಳ್ಳೆಯದೇ. ಸರ್ಕಾರದ ಕಾಗದ ಕಳೆದರೆ ಸರ್ಕಾರ ಇನ್ನೊಂದು ಕೊಟ್ಟೀತು. ನಮ್ಮವ್ವನ ಹಾಡಿಗೆ ನಕಲು ಪ್ರತಿ ಕೊಡುವ ಕಚೇರಿ ಯಾವುದು?

ಕೊನೆಯವರು ನಾವೇ. “ನಮಗ ತಿಳಿಯಂಗಿಲ್ಲ.” ಹಾಗಾದರೆ ಕೇಳಿ, ನಾನು ಅರವತ್ತು ದಾಟಿದವಳು, ಏನು ಮಾಡುತ್ತೇನೆಂದು ಹೇಳುತ್ತೇನೆ.

ಎರಡು ಹೊರಗಿನ ಹಾರ್ಡ್ ಡಿಸ್ಕ್ ಕೊಂಡಿದ್ದೇನೆ. ಒಂದರ ಬೆಲೆ ಮದುವೆಗೆ ಉಡುವ ಒಂದು ಸೀರೆಯದಕ್ಕಿಂತ ಹೆಚ್ಚೇನಿಲ್ಲ. ಪ್ರತಿ ಅಮಾವಾಸ್ಯೆಯ ದಿನ ಪೂಜೆ ಮುಗಿದ ಮೇಲೆ ಫೋನಿನದನ್ನು ಕಂಪ್ಯೂಟರಿಗೆ, ಕಂಪ್ಯೂಟರಿನದನ್ನು ಡಿಸ್ಕಿಗೆ ಇಳಿಸುತ್ತೇನೆ. ಅಮಾವಾಸ್ಯೆ ಯಾಕೆಂದರೆ ಅದು ಮರೆಯುವುದಿಲ್ಲ, ಅಷ್ಟೇ. ಇಳಿಸಿದ ಮೇಲೆ ಡಿಸ್ಕಿನ ತಂತಿ ಕಿತ್ತು ತೆಗೆದಿಡುತ್ತೇನೆ. ಜೋಡಿಸಿಯೇ ಬಿಟ್ಟರೆ ಕಂಪ್ಯೂಟರಿಗೆ ಬಂದ ಸಿಡಿಲು, ವೈರಸ್ಸು ಅದಕ್ಕೂ ತಗಲುತ್ತದೆ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬುದು ಜಗತ್ತಿನ ಆಸ್ಪತ್ರೆ, ಕಚೇರಿಗಳ ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳಿತ್ತಲ್ಲ, ಅಂಥದಕ್ಕೆ ತಂತಿ ಕಿತ್ತಿಟ್ಟ ಡಿಸ್ಕೇ ಮದ್ದು. ತಿಂಗಳಿಗೊಮ್ಮೆ ನಾಲ್ಕಾರು ಕಡತ ತೆರೆದು ನೋಡುತ್ತೇನೆ. ಉಪ್ಪಿನಕಾಯಿ ಹಾಕಿ ಭರಣಿ ಕಟ್ಟಿದರೆ ಮುಗಿಯಿತೆ? ಬಟ್ಟೆ ಬಿಚ್ಚಿ ಬೂಷ್ಟು ಬಂದಿದೆಯೋ ಎಂದು ನೋಡುವುದಿಲ್ಲವೆ? ಡಿಸ್ಕಿನ ಮೇಲೆ ಕೊಂಡ ವರ್ಷ ಬರೆದು ಅಂಟಿಸಿದ್ದೇನೆ; ಐದು ವರ್ಷಕ್ಕೆ ಹೊಸದಕ್ಕೆ ಇಳಿಸುತ್ತೇನೆ.

ಇನ್ನೊಂದು ಮಾತು, ಕನ್ನಡ ಬರೆಯುವವರಿಗೆ. ಹಿಂದೆ ನುಡಿ, ಬರಹಗಳಲ್ಲಿ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು ಇಂದಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕಡತ ಇದೆ, ಓದಲಾಗದು. ಇಂಗ್ಲೆಂಡಿನಲ್ಲಿ 1086ರ ಒಂದು ಕಂದಾಯ ದಾಖಲೆಯ ಒಂಬೈನೂರನೆಯ ವರ್ಷಕ್ಕೆಂದು ಬಿ.ಬಿ.ಸಿ.ಯವರು 1986ರಲ್ಲಿ ನಾಡಿನ ಹೊಸ ದಾಖಲೆಯನ್ನು ಲೇಸರ್ ಡಿಸ್ಕಿನಲ್ಲಿ ಮಾಡಿದರು. ಎರಡು ದಶಕ ತುಂಬುವುದರೊಳಗೆ ಆ ಡಿಸ್ಕನ್ನು ಓದುವ ಯಂತ್ರ ಸಿಗುವುದೇ ಕಷ್ಟವಾಯಿತು. ಚರ್ಮದ ಹಾಳೆಯ ಹಳೆಯದನ್ನು ಇಂದಿಗೂ ಓದಬಹುದು. ಆದ್ದರಿಂದ ನಿಮ್ಮ ಹಳೆಯ ಕತೆ, ಕವಿತೆ, ಪತ್ರಗಳನ್ನು ಯೂನಿಕೋಡಿಗೆ ಬದಲಿಸಿ. ಅದಕ್ಕೆ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ತೀರ ಬೇಕಾದ ಹತ್ತಿಪ್ಪತ್ತು ಫೋಟೋಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ.

ಇಷ್ಟೇ. ರೊಟ್ಟಿ ತಟ್ಟುವುದಕ್ಕಿಂತ ಕಠಿಣವೇನಲ್ಲ. ರೊಟ್ಟಿ ತಟ್ಟಲು ನನಗೆ ಎರಡು ವರ್ಷ ಬೇಕಾಗಿತ್ತು, ಇದಕ್ಕೆ ಎರಡು ದಿನ.

ಅಕ್ಕನ ಸುದ್ದಿ ಹೇಳಲಿಲ್ಲ. 2013ರಲ್ಲಿ ಎಲ್ಲ ಹೋಯಿತೆಂದು ಅತ್ತು ಫೋನು ಮಾಡಿದಾಗ ಅವಳು ಸುಮ್ಮನೆ ಕೇಳಿ, “ತಂಗೀ, ಒಂದು ಕ್ಯಾಸೆಟ್ ನನ್ನ ಕಡೆ ಅದಾ. ನೀ ಬೈತಿದ್ದೆಲ್ಲ, ಅದೇ,” ಎಂದಳು. ಮರುವರ್ಷ ಅದನ್ನು ಕಂಪ್ಯೂಟರಿಗೆ ಇಳಿಸಿದೆ. ಒಂಬತ್ತು ಹಾಡು. ಐದು ಕ್ಯಾಸೆಟ್ಟಿನವು ಹೋದವು. ನಾನು ಕಳವೆಂದು ಜರೆದದ್ದು ಮಾತ್ರ ಉಳಿಯಿತು. ಈ ಬಾರಿ ಮೂರು ಕಡೆ ಇಟ್ಟೆ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಳು. ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳು ಕಂಡ ಆ ನೀರನ್ನು ಕಂಡವರು ಮರೆಯುವುದಿಲ್ಲ. ಅಕ್ಕ ಉಟ್ಟ ಸೀರೆಯಲ್ಲಿ ಮೊಮ್ಮಕ್ಕಳನ್ನು ಎತ್ತಿಕೊಂಡು ಕಾಳಜಿ ಕೇಂದ್ರಕ್ಕೆ ಹೋದಳು. ಎಂಟು ದಿನದ ಮೇಲೆ ಮನೆಗೆ ಹೋದರೆ ಒಳಗೆ ಮೊಣಕಾಲುದ್ದ ಕೆಸರು. ಟ್ರಂಕಿನಲ್ಲಿದ್ದ ಆ ಕ್ಯಾಸೆಟ್ಟಿನ ಟೇಪು ಕೆಸರಿನ ಹುರಿಯಾಗಿತ್ತಂತೆ. “ಅವ್ವನ್ನ ಕಳದುಬಿಟ್ಟೆನೇ ತಂಗೀ,” ಎಂದು ಫೋನಿನಲ್ಲಿ ಅತ್ತಳು.

“ಇಲ್ಲ ಅಕ್ಕಾ,” ಎಂದೆ. “ಆಳಂದದಾಗ ಒಬ್ಬಾಕಿ ಇದ್ದಾಳ. ಮಗಳ ಮನ್ಯಾಗ ಒಬ್ಬಾಕಿ. ಮೋಡದಾಗೂ ಒಬ್ಬಾಕಿ.”

ಅಂದೇ ಸಂಜೆ ಅವಳ ಮೊಮ್ಮಗನ ಫೋನಿಗೆ ಒಂಬತ್ತೂ ಹಾಡು ಕಳಿಸಿದೆ. ಕಾಳಜಿ ಕೇಂದ್ರದಿಂದ ಬಂದು, ಕೆಸರು ಬಳಿದ ಪಡಸಾಲೆಯಲ್ಲಿ ಕೂತು, ಓಣಿಯ ಹೆಂಗಸರೆಲ್ಲ ಅವ್ವನ ಹಾಡು ಕೇಳಿದರಂತೆ.

ಜೇವರ್ಗಿಯ ಆ ಹುಡುಗಿಗೆ ಅಂಥ ಅಕ್ಕ ಇರಲಿಲ್ಲ. ನಿಮಗೆ ಇದ್ದಾಳೆಯೆ? ಇಲ್ಲವಾದರೆ ಬರುವ ಅಮಾವಾಸ್ಯೆಯ ತನಕ ಕಾಯಬೇಡಿ.